ಬಟಾಣಿಯ ಗ್ಯಾಸ್ ಸಕ್ಕರೆ ಕೊನೆಗೂ ಕೈಗೆ ಬಂತು

ಹೊಟ್ಟೆಯುಬ್ಬರ ಅಂತ ಎಲ್ಲರೂ ತೆಗೆದುಹಾಕುವ ಸಕ್ಕರೆಯನ್ನು ನೀನು ಕೂಡಿಡ್ತಾ ಇದ್ದೀಯಾ ಎಂದು ಜೊತೆಯವರು ನಗುತ್ತಿದ್ದರು. ನನಗೆ ಬೇಕಿದ್ದದ್ದು ಕಾಳಿನಲ್ಲಿರುವ ರ್‍ಯಾಫಿನೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳು; ಕರುಳಿನ ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಮಾಡುವುದು ಇವನ್ನೇ. ಇವುಗಳಿಂದ ಸುಕ್ರೋಸ್, ಅಂದರೆ ಮಾಮೂಲಿ ಸಕ್ಕರೆ, ಬೇರೆ ಮಾಡೋಕೆ ದುಬಾರಿ ಯಂತ್ರವೇ ಬೇಕು ಎಂದೂ ಹೇಳಿದರು. ಯಂತ್ರ ಕೊಳ್ಳಲಿಲ್ಲ. ಆದರೂ ಬೇರೆಯಾಯಿತು.

ಮೊದಲು ಸೋಯಾ ಹಿಡಿದದ್ದೇ ತಪ್ಪು. ಅದರಲ್ಲಿ ಐದನೇ ಒಂದು ಪಾಲು ಎಣ್ಣೆ, ಅದನ್ನು ಕರಗಿಸಿ ತೆಗೆಯುವ ಹೆಕ್ಸೇನ್ ದ್ರಾವಕಕ್ಕೇ ದುಡ್ಡು ಸುರಿದೆ. ಬಟಾಣಿಯಲ್ಲಿ ಆ ಕಾಟವಿಲ್ಲ, ವರ್ಬಾಸ್ಕೋಸ್ ಕೂಡ ಚೆನ್ನಾಗಿದೆ. ಆದರೆ ನೆನೆಹಾಕಿದ ಮೊದಲ ಬ್ಯಾಚನ್ನು ಬೇರೆ ಕೆಲಸದಲ್ಲಿ ಮರೆತೆ. ನೋಡಿದಾಗ ಮೊಳಕೆ ಬಂದಿತ್ತು. ನಮಗೆ ಬೇಕಾದ ಸಕ್ಕರೆಯನ್ನು ಮೊಳಕೆಯೇ ಉಂಡು ಮುಗಿಸಿತ್ತು. ಈಗ ಒಣ ಹಿಟ್ಟನ್ನೇ ಕುದಿಯುವ 70% ಎಥನಾಲ್‌ಗೆ ಹಾಕುತ್ತೇನೆ. ಸಕ್ಕರೆ ಒಡೆಯುವ ಕಿಣ್ವದ ಕಥೆ ಅಲ್ಲೇ ಮುಗಿಯುತ್ತದೆ.

ಸುಕ್ರೋಸ್ ತಿನ್ನಲಿ ಅಂತ ಬ್ರೆಡ್ ಯೀಸ್ಟ್ ಬಿಟ್ಟೆ. ಬಹಳ ಜಾಣ ಉಪಾಯ ಅಂದುಕೊಂಡಿದ್ದೆ. ಒಂದೊಂದು ಸಕ್ಕರೆಯನ್ನೂ ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ಟಿಎಲ್‌ಸಿ ಪ್ಲೇಟ್ ಬಿಸಿ ಮಾಡಿದಾಗ ಸುಕ್ರೋಸ್ ಚುಕ್ಕೆ ಇರಲಿಲ್ಲ, ಖುಷಿಯಾಯಿತು. ಆಮೇಲೆ ನೋಡಿದರೆ ರ್‍ಯಾಫಿನೋಸ್ ಜಾಗವೂ ಖಾಲಿ, ಅದರ ಮೇಲೆ ಹೊಸದೊಂದು ಚುಕ್ಕೆ! ಯೀಸ್ಟ್‌ನ ಇನ್ವರ್ಟೇಸ್ ಕಿಣ್ವ ಅದರ ಫ್ರಕ್ಟೋಸ್ ತುಂಡನ್ನೂ ಕತ್ತರಿಸಿ ಮೆಲಿಬಯೋಸ್ ಎಂಬ ಬೇರೆ ಸಕ್ಕರೆ ಮಾಡಿಟ್ಟಿತ್ತು. ಎರಡು ತಿಂಗಳು ನೀರುಪಾಲು.

ಕೊನೆಗೆ ಹಳೇ ದಾರಿಗೇ ಬಂದೆ. 1950ರಲ್ಲೇ ವಿಸ್ಲರ್ ಮತ್ತು ಡರ್ಸೊ ಪ್ರಕಟಿಸಿದ ಇದ್ದಿಲು–ಸೆಲೈಟ್ ಕಾಲಮ್. ಕೊಳವೆಯಲ್ಲಿ ತುಂಬಿದ ಇದ್ದಿಲು ಸಕ್ಕರೆಗಳನ್ನು ಹಿಡಿದಿಟ್ಟು, ಎಥನಾಲ್ ಹೆಚ್ಚಿಸಿದ ಹಾಗೆ ಒಂದೊಂದಾಗಿ ಬಿಡುತ್ತದೆ. ಬರೀ ಇದ್ದಿಲು ತುಂಬಿದಾಗ ನಿಮಿಷಕ್ಕೊಂದು ಹನಿ ಬೀಳುತ್ತಿತ್ತು. ನೀರು ಸಲೀಸಾಗಿ ಇಳಿಸುವ ಸೆಲೈಟ್ ಎಂಬ ಮಣ್ಣಿನ ಪುಡಿ ಅರ್ಧಕ್ಕರ್ಧ ಬೆರೆಸಿದ ಮೇಲೆ ಸರಿಹೋಯಿತು. ಮೊದಲು ನೀರು, ಆಮೇಲೆ 5% ಎಥನಾಲ್: ಸುಕ್ರೋಸ್ ಹೊರಗೆ. 15%ಕ್ಕೆ ರ್‍ಯಾಫಿನೋಸ್ ಇಳಿಯುತ್ತದೆ. ವರ್ಬಾಸ್ಕೋಸ್ ಮೊಂಡ, ಅದಕ್ಕೆ 30%ರವರೆಗೂ ಹೋಗಬೇಕಾಯಿತು. ಇದ್ದಿಲನ್ನು ಮೊದಲು ಹೇಗೆ ಹದ ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಆವಿ ಮಾಡುವಾಗ ಕಾಳಿನ ಸಪೋನಿನ್ (ಸೋಪಿನಂಥ ವಸ್ತು) ನೊರೆ ಉಕ್ಕುತ್ತದೆ, ಫ್ಲಾಸ್ಕ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒಂದು ಸಲ ಅದರಲ್ಲೇ ಪಂಪ್ ಕೆಟ್ಟಿತು. ಒಟ್ಟು ಖರ್ಚಿನಲ್ಲಿ ಮುಕ್ಕಾಲು ಎಥನಾಲ್‌ನದೇ. ಅದನ್ನು ಮತ್ತೆ ಬಟ್ಟಿ ಇಳಿಸಿ ಬಳಸಲು ಶುರು ಮಾಡಿದ ಮೇಲೆ ಲೆಕ್ಕ ಕೂಡಿಬಂತು. ಕಿಲೋ ಹಿಟ್ಟಿಗೆ 30 ಗ್ರಾಂ ಆಸುಪಾಸು ಬಿಳಿ ಪುಡಿ. ಮುಚ್ಚಳ ಸಡಿಲ ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಅಂಟು, ಚಮಚವೇ ಏಳುವುದಿಲ್ಲ.

ಮಧ್ಯೆ ಮೆಂತ್ಯದ ಗ್ಯಾಲಾಕ್ಟೋಮನ್ನನ್‌ಗೂ ಕೈ ಹಾಕಿದ್ದೆ; ಮ್ಯಾನೋಸ್, ಗ್ಯಾಲಾಕ್ಟೋಸ್ ಸಕ್ಕರೆಗಳು ಸರಪಳಿಯಾಗಿ ಸೇರಿದ ಗೋಂದು ಅದು. ಗೋರಿಕಾಯಿ ಬೀಜದ ಗೋಂದಿನಲ್ಲಿ (ಗ್ವಾರ್ ಗಮ್) ಎರಡು ಮ್ಯಾನೋಸ್‌ಗೆ ಒಂದು ಗ್ಯಾಲಾಕ್ಟೋಸ್, ಇದರಲ್ಲಿ ಹತ್ತಿರತ್ತಿರ ಸಮಸಮ. ಎಥನಾಲ್ ಹಾಕಿದ್ದೇ ತಡ, ಒದ್ದೆ ಹತ್ತಿಯ ಹಾಗೆ ಕಡ್ಡಿಗೆ ಸುತ್ತಿಕೊಂಡಿತು. ಸೋಸೋಕೇ ಆಗಲಿಲ್ಲ, ಬಿಟ್ಟೆ.

ಕೊನೆಗೆ, ಬ್ಯಾಕ್ಟೀರಿಯಾ ಬೆಳೆಸುವ ಸಕ್ಕರೆಯಿಲ್ಲದ ದ್ರವಕ್ಕೆ 1% ಬಟಾಣಿ ಪುಡಿ ಹಾಕಿ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಎನ್ನುವ ಬೈಫಿಡೋಬ್ಯಾಕ್ಟೀರಿಯಾ ಬಿಟ್ಟೆ. ಒಂದು ದಿನದಲ್ಲಿ ಪಿಎಚ್ 6.8ರಿಂದ 4.7ರ ಹತ್ತಿರ ಇಳಿಯಿತು, ಅಂದರೆ ಅವು ಪುಡಿ ತಿಂದು ಹುಳಿ ಮಾಡಿದ್ದವು. ಪುಡಿ ಹಾಕದ ಕೊಳವೆ ಹಾಗೇ ಇತ್ತು. ಕರುಳಿನಲ್ಲೂ ಹೀಗೇ ಅಂತ ಕೊಳವೆ ನೋಡಿ ಹೇಳೋಕಾಗಲ್ಲ, ಅಲ್ವಾ? ನಾನೇ ದಿನಕ್ಕೆ 3 ಗ್ರಾಂ ತಿಂದು ನೋಡಿದೆ, ಏನೂ ತೊಂದರೆಯಿಲ್ಲ. ಧೈರ್ಯ ಬಂದು 10 ಗ್ರಾಂ ತಿಂದ ದಿನ ಮಾತ್ರ ಮೀಟಿಂಗ್‌ನಲ್ಲಿ ಕೂರಲಾಗದೆ ಎದ್ದು ಬಂದೆ. ನಕ್ಕವರು ಅವತ್ತು ಇನ್ನೊಮ್ಮೆ ನಕ್ಕರು.