ಮನಸ್ಸು ಕುಗ್ಗಿದಾಗ ನಡಿಗೆ ಶುರು ಮಾಡುವ ಬಗೆ

ಎದ್ದು ಮುಖ ತೊಳೆಯುವುದೇ ಭಾರವಾಗಿರುವವರಿಗೆ "ವ್ಯಾಯಾಮ ಮಾಡಿ" ಎಂದರೆ ಆ ಮಾತು ಚುಚ್ಚುತ್ತದೆ. ಆದರೂ ಖಿನ್ನತೆಗೆ ವ್ಯಾಯಾಮ ನಿಜಕ್ಕೂ ಕೆಲಸ ಮಾಡುತ್ತದೆ. ಕಷ್ಟವಿರುವುದು ಶುರು ಮಾಡುವುದರಲ್ಲಿ.

ಹುಮ್ಮಸ್ಸು ಬರಲಿ, ಆಮೇಲೆ ಹೊರಡೋಣ ಎಂದು ಕಾಯಬೇಡಿ. ಈ ಕಾಯಿಲೆಯಲ್ಲಿ ಮೊದಲು ಕೈಕೊಡುವುದೇ ಹುಮ್ಮಸ್ಸು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಅದು ನಿಧಾನವಾಗಿ ಬರುತ್ತದೆ.

ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು: ಗೇಟಿನಿಂದ 5 ನಿಮಿಷ ಹೋಗಿ, ಅಲ್ಲಿಂದ ವಾಪಸ್. ಹಿಂದಿನ ರಾತ್ರಿಯೇ ಬಟ್ಟೆ, ಸಾಕ್ಸ್, ಶೂ ಬಾಗಿಲ ಬಳಿ ಇಟ್ಟಿರಿ. ಕಾಲುಚೀಲ ಹುಡುಕುವಷ್ಟು ತ್ರಾಣವೂ ಬೆಳಿಗ್ಗೆ ಇರುವುದಿಲ್ಲ. ಸಮಯವನ್ನು ದಿನವೂ ತಪ್ಪದ ಕೆಲಸವೊಂದಕ್ಕೆ ಗಂಟು ಹಾಕಿ. ಕಾಫಿ ಕುಡಿದು ಲೋಟ ತೊಳೆದಿಟ್ಟ ತಕ್ಷಣ ಹೊರಡುವುದು, ಹೀಗೆ. ಬೆಳಗಿನ ಹೊತ್ತೇ ಮನಸ್ಸು ತೀರಾ ಕುಗ್ಗಿರುವವರು ಬಹಳ ಮಂದಿ. ಅವರಿಗೆ ಸಂಜೆ 5 ಗಂಟೆ ಒಳ್ಳೆಯದು.

ವಾರಕ್ಕೆ 5 ನಿಮಿಷ ಏರಿಸುತ್ತಾ ಹೋದರೆ ಐದನೇ ವಾರಕ್ಕೆ 30 ನಿಮಿಷವಾಗುತ್ತದೆ. ವೇಗ ಎಷ್ಟಿರಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಎರಡು ದಿನ ಬಸ್ಕಿಯನ್ನೂ ಸೇರಿಸಿ: ಕುರ್ಚಿಯ ಮೇಲೆ ಕೂತು ಏಳುವುದು 8ರಿಂದ 10 ಸಲ, ಎರಡು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಏಳುವಾಗ ಉಸಿರು ಬಿಡಿ, ಹಿಡಿಯಬೇಡಿ. ಮಂಡಿನೋವಿದ್ದರೆ ಎತ್ತರದ ಕುರ್ಚಿ ಆರಿಸಿಕೊಳ್ಳಿ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆಯಿದ್ದ, 50 ದಾಟಿದ 156 ಜನರ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿದವರೂ ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ ತೆಗೆದುಕೊಂಡವರೂ 16 ವಾರದ ಕೊನೆಗೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಚೇತರಿಸಿಕೊಂಡಿದ್ದರು. ಆದರೆ ಮೊದಲ ವಾರಗಳಲ್ಲಿ ಮಾತ್ರೆಯವರೇ ಮುಂದಿದ್ದರು. ಆದ್ದರಿಂದ ಹದಿನೈದು ದಿನಕ್ಕೇ "ಏನೂ ಉಪಯೋಗವಿಲ್ಲ" ಎಂದು ಕೈಬಿಡಬೇಡಿ. ವ್ಯಾಯಾಮ ನಂಬಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬೇಡಿ.

ಸಾಮಾನ್ಯವಾಗಿ ಎಡವುವುದು ಮೊದಲ ದಿನವೇ ಒಂದು ಗಂಟೆ ನಡೆಯುವವರು. ಮರುದಿನ ಮೈಕೈ ನೋವು, ಮೂರನೇ ದಿನ ಚಕ್ಕರ್, ಆಮೇಲೆ "ನನ್ನ ಕೈಲಿ ಇದೂ ಆಗಲಿಲ್ಲ" ಎಂಬ ಕೊರಗು. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ನಡೆದು ಸರಿದೂಗಿಸಲು ಹೋಗಬೇಡಿ. ಮತ್ತೆ 10 ನಿಮಿಷದಿಂದ ಹಿಡಿಯಿರಿ. ವಾರಗಟ್ಟಲೆ ನಡೆದರೂ ಸುಸ್ತು ಇಳಿಯದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ಔಷಧ ತೆಗೆದುಕೊಳ್ಳುವವರು ಬೆವರು ಹರಿದು ಮೈಯ ನೀರು ಕಡಿಮೆಯಾಗಲು ಬಿಡಬಾರದು, ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ನೆತ್ತಿ ಸುಡುವ ಬಿಸಿಲು ಬೇಡ, ನೀರಿನ ಬಾಟಲಿ ಜೊತೆಗಿರಲಿ. ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಮಾತ್ರೆಗಳಿಂದ ಥಟ್ಟನೆ ಎದ್ದಾಗ ತಲೆಸುತ್ತು ಬರಬಹುದು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಎದೆನೋವು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ.

ಮನೆಯವರಿಗೆ ಒಂದು ಮಾತು: "ಎದ್ದು ಓಡಾಡು, ಎಲ್ಲ ಸರಿಹೋಗುತ್ತೆ" ಅನ್ನುವ ಬದಲು "ಬಾ, ಅಂಗಡಿವರೆಗೆ ಹೋಗಿಬರೋಣ" ಎಂದು ಚಪ್ಪಲಿ ಮೆಟ್ಟಿ ನಿಲ್ಲಿ. ದಾರಿಯಲ್ಲಿ ಉಪದೇಶ ಬೇಡ. ಸಾಯುವ ಯೋಚನೆ ಬರುತ್ತಿದೆ ಎಂದರೆ ನಡಿಗೆಯ ಮಾತು ಆಮೇಲೆ. ಅವರನ್ನು ಒಂಟಿಯಾಗಿ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.