ಕುದುರೆ ಮೈಮೇಲೆ ಗಂಟು: ಮುಲಾಮಿಗಿಂತ ಮೊದಲು ಬೆರಳು

ಕುದುರೆಯ ಮೈಮೇಲೆ ಒಂದು ಗಂಟು ಕಂಡರೆ ಸಾಕು, ನಮ್ಮ ಬಳ್ಳಾರಿ–ಕೊಪ್ಪಳ ಸೀಮೆಯಲ್ಲಿ ಮೂರು ವಸ್ತುಗಳು ಹೊರಗೆ ಬರುತ್ತವೆ: ಸುಟ್ಟ ಎಂಜಿನ್ ಆಯಿಲ್, ಅರಿಶಿನ ಕಲಸಿದ ಸುಣ್ಣ, ಬರೆ ಹಾಕಲು ಕಾಸಿದ ಕಬ್ಬಿಣ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹಬ್ಬಿದ ಮೇಲೆ ಇನ್ನೊಂದು ಮಾತು ಸೇರಿಕೊಂಡಿದೆ: ‘ಕುದುರೆಗೂ ಅದೇ ಬಂದಿದೆ.’ ಬಂದಿಲ್ಲ. ಆ ರೋಗ ದನ, ಎಮ್ಮೆಗಳದ್ದು, ಕುದುರೆಗೆ ತಗಲುವುದಿಲ್ಲ. ಆದ್ದರಿಂದ ದನಗಳಿಗೆ ಹಾಕಿದ ಲಸಿಕೆಯನ್ನು ಕುದುರೆಗೂ ಹಾಕಿಸಿ ನೆಮ್ಮದಿಯಾಗಿ ಕೂರುವುದರಲ್ಲಿ ಅರ್ಥವಿಲ್ಲ.

ಕಂಪ್ಲಿ ಕಡೆಯ ಒಂದು ಲಾಯದಲ್ಲಿ, ಮದುವೆ ಮೆರವಣಿಗೆಗೆ ಹೋಗುವ ಹೆಣ್ಣು ಕುದುರೆಯೊಂದಕ್ಕೆ ಹೊಟ್ಟೆಯಡಿ ಬಾವು ಬಂದಿತ್ತು. ಹದಿನೈದು ದಿನ ಎಂಜಿನ್ ಆಯಿಲ್ ಹಚ್ಚಿದರು. ವೈದ್ಯರು ಬರುವ ಹೊತ್ತಿಗೆ ಕೂದಲು ಉದುರಿ ಚರ್ಮ ಸುಲಿದಿತ್ತು. ಯಾವುದು ರೋಗದ ಗುರುತು, ಯಾವುದು ಎಣ್ಣೆ ಸುಟ್ಟ ಗುರುತು ಎಂದು ಹೇಳುವಂತೆಯೇ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸಿಕ್ಕಿದ್ದು ಸರ್ರಾ. ಚರ್ಮದ ಕಾಯಿಲೆಯೇ ಅಲ್ಲ, ರಕ್ತದಲ್ಲಿ ಈಜಾಡುವ ಪರೋಪಜೀವಿಯ ಕಾಯಿಲೆ. ಕುದುರೆ ಉಳಿಯಿತು, ಆದರೆ ಪಕ್ಕೆಲುಬು ಎಣಿಸುವಷ್ಟು ಸೊರಗಿತ್ತು. ಈ ಲೇಖನ ಬರೆಯುತ್ತಿರುವುದು ಆ ಹದಿನೈದು ದಿನಗಳಿಗಾಗಿ.

ಮೊದಲ ಕೆಲಸ ಸುಲಭ: ಏನನ್ನೂ ಹಚ್ಚಬೇಡಿ. ನೆರಳಿಗೆ ಕಟ್ಟಿ, ಗಂಟಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಮರುದಿನ ಅದೇ ಹೊತ್ತಿಗೆ ಇನ್ನೊಂದು. ಗಂಟು ಬೆಳೆಯುತ್ತಿದೆಯೋ, ಜಾಗ ಬದಲಿಸುತ್ತಿದೆಯೋ ಎಂಬುದಕ್ಕೆ ನಾಣ್ಯದಷ್ಟು ಒಳ್ಳೆಯ ಸಾಕ್ಷಿ ಇಲ್ಲ.

ಎರಡನೆಯದು ಜ್ವರ ನೋಡುವುದು. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಸಾಕು. ಕುದುರೆಗೆಂದೇ ಒಂದನ್ನು ಬೇರೆ ಇಟ್ಟುಕೊಳ್ಳಿ. ಅದಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಟ್ಟೆ ಕ್ಲಿಪ್ಪಿನಿಂದ ಬಾಲದ ಕೂದಲಿಗೆ ಸಿಕ್ಕಿಸಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ, ಹಿಂದೆ ನಿಲ್ಲದೆ ಪಕ್ಕೆಗೆ ಒತ್ತಿ ನಿಂತು ಗುದದೊಳಗೆ ಇಡಿ. 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಬಿಸಿಲಿನಲ್ಲಿ ಟಾಂಗಾ ಎಳೆದು ಬಂದ ಕೂಡಲೇ ನೋಡಿದರೆ ಆರೋಗ್ಯವಂತ ಕುದುರೆಗೂ ಹೆಚ್ಚೇ ತೋರಿಸುತ್ತದೆ. ಹಾಗಾಗಿ ಬೆಳಗ್ಗೆ, ಕೆಲಸಕ್ಕೆ ಕಟ್ಟುವ ಮೊದಲು ನೋಡಿ. ಜೊತೆಗೆ ಮೇಲ್ದುಟಿ ಎತ್ತಿ ಒಸಡು ನೋಡಿ. ನಸುಗೆಂಪು ಇರಬೇಕು, ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ.

ಇನ್ನು ಮೂರನೆಯದು, ಎಲ್ಲರೂ ಕೆಡಿಸುವ ಕೆಲಸ: ಬೆರಳಿನಿಂದ ಓದುವುದು. ಗಂಟನ್ನು ಹಿಸುಕುವುದನ್ನೇ ನಮ್ಮವರು ಪರೀಕ್ಷೆ ಎಂದುಕೊಂಡಿದ್ದಾರೆ. ಹಿಸುಕಬೇಡಿ. ಅದಕ್ಕೂ ಮೊದಲು ಒಂದು ಕಟ್ಟುನಿಟ್ಟು. ಕಾಲಿನ ಮೇಲೆ ಗಂಟುಗಳು ಸಾಲಾಗಿ, ಹಗ್ಗಕ್ಕೆ ಮಣಿ ಪೋಣಿಸಿದಂತೆ ಕಂಡರೆ, ಅವುಗಳಲ್ಲಿ ಒಂದಾದರೂ ಒಡೆದು ಜೇನಿನಂತೆ ಅಂಟಂಟಾದ ಕೀವು ಬರುತ್ತಿದ್ದರೆ, ಅಥವಾ ಮೂಗಿನಿಂದ ಹಳದಿ ಸಿಂಬಳ ಇಳಿಯುತ್ತಿದ್ದರೆ ಕೈಯನ್ನೇ ತಾಕಿಸಬೇಡಿ. ಅದರ ವಿಷಯ ಮುಂದೆ ಹೇಳುತ್ತೇನೆ.

ಅದಿಲ್ಲ ಎಂದಾದರೆ ಕೈ ತೊಳೆದು, ಮೊದಲು ಅಂಗೈಯನ್ನು ಕತ್ತಿನಿಂದ ಬಾಲದವರೆಗೆ ಕೂದಲಿನ ದಿಕ್ಕಿನಲ್ಲಿ ನಿಧಾನವಾಗಿ ಜಾರಿಸಿ. ಕಣ್ಣಿಗೆ ಒಂದು ಗಂಟು ಕಂಡಲ್ಲಿ ಕೈಗೆ ಹತ್ತು ಸಿಗಬಹುದು. ಬಳಿಕ ಕೈಯ ಹಿಂಭಾಗವನ್ನು ಗಂಟಿನ ಮೇಲೂ, ಮೈಯ ಇನ್ನೊಂದು ಮಗ್ಗುಲಿನ ಅದೇ ಜಾಗದ ಮೇಲೂ ಇಟ್ಟು ಬಿಸಿ ಹೋಲಿಸಿ. ಆಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಹಿಡಿದು ಬಿಡಿ. ನೋಡಬೇಕಾದದ್ದು ಬೆರಳು ತೆಗೆದ ಮೇಲೆ ಏನಾಗುತ್ತದೆ ಎಂಬುದನ್ನು.

ನಾದಿಟ್ಟ ಜೋಳದ ಹಿಟ್ಟಿನಲ್ಲಿ ಬೆರಳಿಟ್ಟಂತೆ ಗುಳಿ ಉಳಿದರೆ ಒಳಗೆ ನೀರು ಕೂತಿದೆ ಎಂದರ್ಥ. ಇಂಥ ಬಾವು ಸಾಮಾನ್ಯವಾಗಿ ಹೊಟ್ಟೆಯ ಕೆಳಗೆ, ಎದೆಯ ಮುಂದೆ, ಕಾಲುಗಳಲ್ಲಿ ಇಳಿದಿರುತ್ತದೆ. ಮುಟ್ಟಿದರೆ ನೋವಿಲ್ಲ, ಬಿಸಿಯೂ ಇರುವುದಿಲ್ಲ. ಈಯುವ ದಿನ ಹತ್ತಿರವಾದ ಗಬ್ಬದ ಕುದುರೆಯಲ್ಲಿ ಇದು ಕಾಣುವುದುಂಟು. ಗಬ್ಬವಿಲ್ಲದ ಕುದುರೆಯಲ್ಲಿ ಕಂಡರೆ ಜಂತುಹುಳು, ಹೃದಯದ ತೊಂದರೆ, ಸರ್ರಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೇವು ಚೆನ್ನಾಗಿ ತಿಂದರೂ ಸೊರಗುವುದು, ಜ್ವರ ಎರಡು ದಿನ ಬಂದು ನಾಲ್ಕು ದಿನ ಬಿಡುವುದು, ಒಸಡು ಬಿಳಿಚುವುದು ಜೊತೆಗಿದ್ದರೆ ನಾನು ಮೊದಲು ಸರ್ರಾ ಎಂದೇ ನೋಡಿಸುತ್ತೇನೆ. ಗ್ರಿಫಿತ್ ಇವಾನ್ಸ್ ಎಂಬ ಸೇನೆಯ ಪಶುವೈದ್ಯ 1880ರಲ್ಲಿ, ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಇದರ ಪರೋಪಜೀವಿಯನ್ನು ಗುರುತಿಸಿದ್ದ. ಕಚ್ಚಿ ರಕ್ತ ಹೀರುವ ದಪ್ಪ ನೊಣಗಳು ಇದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ತುಂಗಭದ್ರೆಯ ಕಾಲುವೆ ನೀರು ನಿಲ್ಲುವ ಭತ್ತದ ಸೀಮೆಯಲ್ಲಿ ಕುದುರೆ ಕಟ್ಟುವವರು ಮಳೆಗಾಲದಲ್ಲಿಯೂ ಅದು ಮುಗಿದ ಮೇಲೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಒಂದು ಮಾತು ನೆನಪಿರಲಿ: ರಕ್ತವನ್ನು ಜ್ವರ ಇರುವ ದಿನವೇ ತೆಗೆಸಿ. ಜ್ವರ ಬಿಟ್ಟ ದಿನ ತೆಗೆದ ರಕ್ತದಲ್ಲಿ ಪರೋಪಜೀವಿ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ.

ರಾತ್ರಿ ಇಲ್ಲದ್ದು ಬೆಳಗಾಗುವಷ್ಟರಲ್ಲಿ ಕತ್ತು, ಪಕ್ಕೆಗಳ ತುಂಬ ಎದ್ದಿದ್ದರೆ, ಮೇಲ್ಭಾಗ ಚಪ್ಪಟೆಯಾಗಿ ಕೂದಲು ಅಲ್ಲಲ್ಲಿ ನಿಮಿರಿದ್ದರೆ ಅದು ಪಿತ್ತಗಂಧೆ. ಕೀಟದ ಕಡಿತ, ಹೊಸ ಮೇವು, ಹೊಸ ಔಷಧಿ, ಪೆನಿಸಿಲಿನ್ ಚುಚ್ಚುಮದ್ದು, ಹೀಗೆ ಯಾವುದಕ್ಕಾದರೂ ಏಳಬಹುದು. ಹೊಸದಾಗಿ ಕೊಟ್ಟದ್ದನ್ನು ನಿಲ್ಲಿಸಿ ತಣ್ಣೀರು ಸುರಿಯಿರಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಮೂಗು, ತುಟಿ ಬಾತು ಉಸಿರಿಗೆ ಸದ್ದು ಬಂದರೆ ಕಾಯುವ ಹಾಗಿಲ್ಲ, ಆ ಕ್ಷಣವೇ ವೈದ್ಯರನ್ನು ಕರೆಯಿರಿ. ಔಷಧ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಚುಚ್ಚುಮದ್ದು ತಂದು ನೀವೇ ಕೊಡಬೇಡಿ. ಗಬ್ಬದ ಕುದುರೆಗೂ ಗೊರಸಿಗೂ ಅದು ಅಪಾಯ.

ಬಿಸಿ, ನೋವು, ನಡುವೆ ಮೆತ್ತಗೆ ಎಂದರೆ ಕೀವು. ಮರಿಗಳಲ್ಲಿ, ಎಳೆಯ ಕುದುರೆಗಳಲ್ಲಿ ಎರಡು ದವಡೆಗಳ ನಡುವೆ ಇಂಥ ಗಡ್ಡೆ, ಜೊತೆಗೆ ಜ್ವರ, ಮೂಗಿನಲ್ಲಿ ಕೀವು ಬಂದರೆ ಸ್ಟ್ರ್ಯಾಂಗಲ್ಸ್ ಇರಬಹುದು. ಇದು ಲಾಯಕ್ಕೆ ಲಾಯವನ್ನೇ ಹಿಡಿಯುವ ಸೋಂಕು: ಬಕೆಟ್, ಲಗಾಮು, ಒರೆಸುವ ಬಟ್ಟೆ ಎಲ್ಲ ಬೇರೆ ಮಾಡಿ. ಮೂಗು ಸೋರುತ್ತಿದ್ದರೆ ವೈದ್ಯರು ನೋಡುವವರೆಗೆ ಮುಟ್ಟಬೇಡಿ. ಅವರು ಸ್ಟ್ರ್ಯಾಂಗಲ್ಸ್ ಎಂದ ಮೇಲೆ ಉಗುರು ಬೆಚ್ಚಗಿನ ಉಪ್ಪುನೀರಿನ ಶಾಖ ಕೊಡಿ. ಹಣ್ಣಾಗುವ ಮೊದಲು ಬ್ಲೇಡು ಹಾಕಿದರೆ ಕೀವು ಹೊರಬರುವುದಿಲ್ಲ, ರಕ್ತ ಬರುತ್ತದೆ. ಹಣ್ಣಾದ ಮೇಲೂ ಬ್ಲೇಡು ವೈದ್ಯರ ಕೈಯಲ್ಲಿರಲಿ.

ಕಲ್ಲಿನಂತೆ ಗಟ್ಟಿ, ನೋವಿಲ್ಲ, ತಿಂಗಳುಗಟ್ಟಲೆ ಹಾಗೆಯೇ ಇದೆ ಎಂದಾದರೆ ಗಾಬರಿ ಬೇಡ, ಆದರೆ ಕತ್ತರಿಸಲೂ ಬೇಡಿ. ಜೀನಿನ ಜಾಗದಲ್ಲಿರುವ ಬಟಾಣಿಯಂಥ ಗಂಟಿನ ಮೇಲಿನ ಕೂದಲು ಉದುರದೆ ಇದ್ದರೆ ಅದು ಬಹುಮಟ್ಟಿಗೆ ನಿರುಪದ್ರವಿ. ಮೆರವಣಿಗೆಯ ಬಿಳಿ ಕುದುರೆ ಇಟ್ಟವರು ಮಾತ್ರ ಬಾಲ ತೊಳೆಯುವಾಗ ಅದರ ಅಡಿಭಾಗವನ್ನು ತಪ್ಪದೆ ನೋಡಿ. ಹುಟ್ಟುವಾಗ ಬೇರೆ ಬಣ್ಣವಿದ್ದು ವಯಸ್ಸಾದಂತೆ ಬೆಳ್ಳಗಾಗುವ ಕುದುರೆಗಳಲ್ಲಿ, 15 ವರ್ಷ ದಾಟಿದ ಮೇಲೆ ಅಲ್ಲಿ ಕಪ್ಪು ಗಂಟುಗಳು ಬರುವುದು ಬಹಳ ಸಾಮಾನ್ಯ. ಮೆಲನೋಮ ಎಂಬ ಗಡ್ಡೆ ಅದು. ನಿಧಾನವಾಗಿ ಬೆಳೆಯುತ್ತದೆ, ಕುದುರೆ ಕೊಳ್ಳುವವರು ಬಾಲ ಎತ್ತಿ ನೋಡದೆ ಹಣ ಕೊಡಬಾರದು.

ಈಗ ಆ ಮಣಿಸರದ ಗಂಟುಗಳ ವಿಷಯ. ಅದು ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ಹರಡಿ ಜೀವ ತೆಗೆಯಬಲ್ಲ ಬ್ಯಾಕ್ಟೀರಿಯಾ ಸೋಂಕು, ಲಸಿಕೆ ಇಲ್ಲ. ನೋಡಲು ಇದೇ ರೀತಿ ಇರುವ ಶಿಲೀಂಧ್ರದ ಕಾಯಿಲೆಯೂ ಇದೆ. ಕಣ್ಣಿನಿಂದ ಬೇರ್ಪಡಿಸಲು ಯಾರಿಗೂ ಆಗದು. ಕುದುರೆಯನ್ನು ಪ್ರತ್ಯೇಕವಾಗಿ ಕಟ್ಟಿ, ಮಕ್ಕಳನ್ನು ದೂರವಿಟ್ಟು, ನೀರು–ಮೇವು ಕೊಡುವವರು ಕೈಗವಸು, ಮಾಸ್ಕ್ ಹಾಕಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಇದನ್ನು ತಿಳಿಸಲೇಬೇಕು. ರಕ್ತದ ಮಾದರಿಯ ಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರವಿದೆ. ಸೋಂಕು ಖಚಿತವಾದರೆ ಕುದುರೆಗೆ ದಯಾಮರಣ ಕೊಡಬೇಕಾಗುತ್ತದೆ, ಸರ್ಕಾರದಿಂದ ಪರಿಹಾರವಿದೆ. ಆ ಭಯಕ್ಕೆ ಮುಚ್ಚಿಟ್ಟು ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಿದರೆ, ಕೊಂಡವನ ಮನೆಯ ಮಕ್ಕಳಿಗೆ ರೋಗ ಮಾರಿದಂತೆ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಅಂಗಡಿ ಸಾಮಾನುಗಳ ಬಗ್ಗೆ ಎರಡು ಮಾತು. ದನ, ಕುರಿಗಳ ಉಣ್ಣಿಗೆ ಹೊಡೆಯುವ ಅಮಿಟ್ರಾಜ್ ದ್ರಾವಣವನ್ನು ಕುದುರೆಗೆ ಬಳಸಲೇಬಾರದು. ಕರುಳಿನ ಚಲನೆ ನಿಂತು ಹೊಟ್ಟೆನೋವಿನಿಂದ ಸಾಯಬಹುದು. ಕುರಿ ಹಿಂಡಿನ ಜೊತೆ ಸಾಮಾನು ಹೊರುವ ಕುದುರೆ ಇಟ್ಟವರು ಡಬ್ಬಿಯ ಮೇಲಿನ ಹೆಸರು ಓದಿಸಿಯೇ ಕೈ ಹಾಕಬೇಕು. ಗಾಯಕ್ಕೆ ಹೊಡೆಯುವ ನೇರಳೆ ಬಣ್ಣದ ಸ್ಪ್ರೇ ಕೂಡ ಗಂಟಿನ ಮೇಲೆ ನನಗೆ ಇಷ್ಟವಿಲ್ಲ. ವಾಸಿಯಂತೂ ಮಾಡುವುದಿಲ್ಲ, ವೈದ್ಯರು ನೋಡಬೇಕಾದ ಚರ್ಮದ ಬಣ್ಣವನ್ನೂ ಮುಚ್ಚಿಬಿಡುತ್ತದೆ.

ವೈದ್ಯರು ಬರುವವರೆಗೆ ಕೆಲಸಕ್ಕೆ ಕಟ್ಟಬೇಡಿ, ಗಂಟಿನ ಮೇಲೆ ಜೀನು ಹಾಕಬೇಡಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯ ಕೇಳಬಹುದು. ಗಂಟು ಕಂಡ ದಿನ, ಎರಡೂ ದಿನದ ಚಿತ್ರ, ಬೆಳಗಿನ ಜ್ವರದ ಅಂಕಿ, ಹದಿನೈದು ದಿನದಲ್ಲಿ ಕೊಟ್ಟ ಹೊಸ ಮೇವು ಮತ್ತು ಚುಚ್ಚುಮದ್ದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕತ್ತಿನ ಮೇಲಿನ ಒಂಟಿ ಗಡ್ಡೆ ಎಷ್ಟೋ ಸಲ ಹಿಂದಿನ ವಾರ ಯಾರೋ ಕೊಳಕು ಸೂಜಿಯಿಂದ ಚುಚ್ಚಿದ್ದರ ಫಲವಾಗಿರುತ್ತದೆ. ಆ ಸಂಗತಿ ಚೀಟಿಯಲ್ಲಿದ್ದರೆ ವೈದ್ಯರಿಗೆ ಹುಡುಕಾಟವೇ ಇರುವುದಿಲ್ಲ.

ಅಷ್ಟರಲ್ಲಿ ನೊಣ ತಡೆಯಿರಿ. ದಪ್ಪ ನೊಣಗಳು ಹಗಲು ಬಯಲಿನಲ್ಲಿ ಕಚ್ಚುತ್ತವೆ, ಕತ್ತಲೆಯ ಕೊಟ್ಟಿಗೆಯೊಳಗೆ ಬರಲು ಹಿಂಜರಿಯುತ್ತವೆ. ಸಣ್ಣ ನುಸಿಗಳ ಕಾಟ ಮುಂಜಾನೆ, ಮುಸ್ಸಂಜೆ ಹೆಚ್ಚು. ಆದ್ದರಿಂದ ಹಗಲು ಒಳಗೆ ಕಟ್ಟಿ, ಸಂಜೆ ಗಾಳಿಗೆ ಎದುರಾಗಿ ಬೇವಿನ ಸೊಪ್ಪಿನ ಹೊಗೆ ಹಾಕಿ. ಲದ್ದಿಯನ್ನು ಲಾಯದಿಂದ ದೂರದ ತಿಪ್ಪೆಗೆ ದಿನವೂ ಸಾಗಿಸಿ.