ಥೀಮ್ ಪಾರ್ಕ್ ಇಂಟರ್ನ್‌ಶಿಪ್‌ನ ಸಂದರ್ಶನಕ್ಕೆ ಹೊರಟವರಿಗೆ

ಡಿಸ್ನಿಯಂತಹ ಥೀಮ್ ಪಾರ್ಕ್‌ಗಳ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವ ಮಂಗಳೂರು, ಮಣಿಪಾಲದ ವಿದ್ಯಾರ್ಥಿಗಳು ಅಂಕಗಳಿಗಿಂತ ಹೆಚ್ಚಾಗಿ ಜನರ ನಡುವೆ ನಿಂತು ಮಾಡಿದ ಕೆಲಸವನ್ನು ಬರೆಯಬೇಕು. ನಾನು ಅಭ್ಯಾಸ ಮಾಡಿಸಿದ ಹುಡುಗಿಯೊಬ್ಬಳು, ಕುದ್ರೋಳಿ ದಸರಾದಲ್ಲಿ ಸ್ವಯಂಸೇವಕಿಯಾಗಿದ್ದಾಗ ಅಮ್ಮನ ಕೈತಪ್ಪಿ ಅಳುತ್ತಿದ್ದ ಮಗುವಿನ ಮುಂದೆ ಮೊಣಕಾಲೂರಿ ಕುಳಿತು, ಹೆಸರು ಕೇಳಿ, ಮೈಕಿನ ಬಳಿಗೆ ಕರೆದೊಯ್ದದ್ದನ್ನು ದೊಡ್ಡ ವಿಷಯವಲ್ಲವೆಂದು ಅರ್ಜಿಯಿಂದ ಬಿಟ್ಟೇಬಿಟ್ಟಿದ್ದಳು. ಸಂದರ್ಶಕರು ಕೇಳಬಯಸುವುದು ಅಂಥದ್ದನ್ನೇ. ಡಿಸ್ನಿಯ ಸೇವಾ ಸೂತ್ರಗಳಲ್ಲಿ ಸುರಕ್ಷತೆಗೆ ಮೊದಲ ಸ್ಥಾನ, ಸೌಜನ್ಯ ಅದರ ನಂತರ. ಆದ್ದರಿಂದ ಎತ್ತರ ಸಾಲದ ಮಗುವನ್ನು ರೈಡ್‌ಗೆ ಬಿಡಿರೆಂದು ಪೋಷಕರು ಒತ್ತಾಯಿಸಿದರೆ ಏನು ಮಾಡುವಿರೆಂಬ ಪ್ರಶ್ನೆಗೆ, ನಯವಾಗಿಯೇ ಆದರೂ ‘ಆಗದು’ ಎನ್ನುವ ಉತ್ತರ ಸಿದ್ಧವಿರಲಿ. ಇಂಟರ್ನ್‌ಶಿಪ್‌ಗೆಂದು ಅಮೆರಿಕಕ್ಕೆ ಹೋಗುವವರಿಗೆ ಜೆ-1 ವೀಸಾ, ಅಂದರೆ ವಿನಿಮಯ ಕಾರ್ಯಕ್ರಮಗಳಿಗೆ ಬರುವವರಿಗೆ ಕೊಡುವ ವೀಸಾ, ಬೇಕು. ಅದಕ್ಕೆ ಆಧಾರವಾದ ಡಿಎಸ್-2019 ಪತ್ರವನ್ನು ಕೊಡುವುದು ಅಲ್ಲಿನ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಪ್ರಾಯೋಜಕ ಸಂಸ್ಥೆಯೇ ಹೊರತು ಊರಿನ ಏಜೆಂಟರಲ್ಲ.